ತಾಳ್ಮೆ ಒಬ್ಬರದು, ತಾಳಿಕೆ ಇನ್ನೊಬ್ಬರದು

'ತಾಳು' ಅನ್ನುವ ಒಂದೇ ಮಾತಿನಿಂದ ಕನ್ನಡ ಎರಡು ಬೇರೆ ಬೇರೆ ಕೆಲಸ ತೆಗೆಯುತ್ತದೆ. 'ಸ್ವಲ್ಪ ತಾಳು' ಅಂದರೆ ಕಾಯಬೇಕು. 'ಈ ಹಗ್ಗ ತಾಳುವುದಿಲ್ಲ' ಅಂದರೆ ಭಾರಕ್ಕೆ ಹರಿದುಹೋಗುತ್ತದೆ. ಮೊದಲನೆಯದರ ಬೆನ್ನಿಗೆ ತಾಳ್ಮೆ ಬಂತು, ಎರಡನೆಯದರ ಬೆನ್ನಿಗೆ ತಾಳಿಕೆ. ತಾಳಿದವನು ಬಾಳಿಯಾನು ಎಂಬ ಗಾದೆ ಎರಡನ್ನೂ ಒಂದೇ ಮೈಯೊಳಗೆ ಕೂರಿಸಿಬಿಡುತ್ತದೆ: ಕಾಯುವವನೂ ಅವನೇ, ಸಹಿಸುವವನೂ ಅವನೇ, ಕೊನೆಗೆ ಬಾಳುವವನೂ ಅವನೇ. ನಮ್ಮ ಧರ್ಮಚಿಂತನೆ ಕ್ಷಮೆಯನ್ನು ಕೊಂಡಾಡುವಾಗ ಬಹುಮಟ್ಟಿಗೆ ಈ ಒಬ್ಬ ಮನುಷ್ಯನನ್ನೇ ಕಣ್ಣ ಮುಂದೆ ಇಟ್ಟುಕೊಂಡಿದೆ. ಆದರೆ ಲೋಕದಲ್ಲಿ ತಾಳ್ಮೆ ತೋರುವವನು ಒಬ್ಬ, ಅದರ ಹೊರೆ ತಾಳುವವನು ಮತ್ತೊಬ್ಬ ಆಗಿರುವುದೇ ಹೆಚ್ಚು. ಹಿರಿಮಗನ ರಂಪವನ್ನು ಅಪ್ಪ ಸಹನೆಯಿಂದ ನೋಡುತ್ತ ಕೂತರೆ ಏಟು ತಿನ್ನುವುದು ಕಿರಿಯವನು; ದೊರೆ ಕಾದು ನೋಡೋಣ ಅಂದರೆ ಸುಲಿಗೆಯಾಗುವುದು ಪ್ರಜೆಯ ಮನೆ. ಹಾಗಾದರೆ ತಾಳ್ಮೆಗೆ ಮಿತಿ ಎಲ್ಲಿದೆ, ಅದನ್ನು ಯಾರ ಮೈ ಅಳೆದು ಗೊತ್ತುಮಾಡಬೇಕು? ಈ ಪ್ರಶ್ನೆಗೆ ತಕ್ಕಮಟ್ಟಿಗೆ ನೇರವಾದ ಉತ್ತರ, ಯಾರೂ ಹುಡುಕಲು ಹೋಗದ ಜಾಗದಲ್ಲಿದೆ ಎಂದು ನನಗೆ ಅನ್ನಿಸುತ್ತದೆ: ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಯಾವ ಬ್ರೇಕರ್ ಯಾವಾಗ ಬಿಚ್ಚಬೇಕು ಎಂದು ಲೆಕ್ಕ ಹಾಕುವ ಪ್ರೊಟೆಕ್ಷನ್ ಎಂಜಿನಿಯರುಗಳ ಗ್ರಾಫ್ ಹಾಳೆಯಲ್ಲಿ.

ಮಳೆಗಾಲದ ಗಾಳಿಗೆ ತೆಂಗಿನ ಗರಿಯೊಂದು ಕಳಚಿ 11 ಕೆವಿ ಲೈನಿನ ಎರಡು ತಂತಿಗಳಿಗೆ ಅಡ್ಡ ಬಿತ್ತು ಅನ್ನೋಣ. ನೆಂದ ಗರಿ, ಅದರ ಮೂಲಕ ಹರಿಯಬಾರದಷ್ಟು ಕರೆಂಟ್ ಹರಿಯತೊಡಗುತ್ತದೆ. ಆ ಕರೆಂಟ್ ಗರಿಯ ಬಳಿ ಹುಟ್ಟಿದ್ದಲ್ಲ. ಶರಾವತಿಯ ಕಣಿವೆಯಲ್ಲೋ ರಾಯಚೂರಿನ ಬಾಯ್ಲರುಗಳ ಮಗ್ಗುಲಲ್ಲೋ ಹುಟ್ಟಿ, ಹಂತ ಹಂತವಾಗಿ ವೋಲ್ಟೇಜ್ ಇಳಿಸಿಕೊಂಡು, ಊರ ಹೊರಗಿನ ಸಬ್‌ಸ್ಟೇಷನ್ ದಾಟಿ, ಫೀಡರ್ ಹಿಡಿದು ಅಲ್ಲಿಗೆ ಬಂದಿದೆ. ಹಾಗಾಗಿ ಆ ದಾರಿಯಲ್ಲಿ ಕಾವಲು ಕೂತು, ತಪ್ಪು ಕಂಡರೆ ಬ್ರೇಕರಿಗೆ ಲೈನು ಕತ್ತರಿಸಲು ಹೇಳುವ ಹತ್ತಿರದ ಎರಡು ಮೂರು ರಿಲೇಗಳಿಗೆ ಒಂದೇ ತಪ್ಪು ಒಂದೇ ಕ್ಷಣದಲ್ಲಿ ಕಾಣುತ್ತದೆ. ಎಲ್ಲವೂ ಒಟ್ಟಿಗೆ ತಂತಮ್ಮ ಬ್ರೇಕರ್ ಬಿಚ್ಚಿದವೆಂದರೆ ಒಂದು ಗರಿಯ ದೆಸೆಯಿಂದ ಹೋಬಳಿಗೆ ಹೋಬಳಿಯೇ ಕತ್ತಲು. ಅದಕ್ಕೇ ಸರದಿ. ಗರಿಗೆ ಹತ್ತಿರದ್ದು ಮೊದಲು; ಅದು ಕೆಟ್ಟು ಕೂತರೆ ಮಾತ್ರ ಅದರ ಹಿಂದಿನದು; ಅದೂ ಕೈಕೊಟ್ಟರೆ ಇನ್ನೂ ಹಿಂದಿನದು. ಒಂದಕ್ಕೂ ಇನ್ನೊಂದಕ್ಕೂ ನಡುವೆ 0.3 ರಿಂದ 0.4 ಸೆಕೆಂಡ್ ಬಿಡುತ್ತಾರೆ. ಗ್ರೇಡಿಂಗ್ ಮಾರ್ಜಿನ್ ಎಂದು ಇದರ ಹೆಸರು. ಸುಮ್ಮನೆ ಬಾಯಿಗೆ ಬಂದ ಸಂಖ್ಯೆ ಇದಲ್ಲ. ಕೆಳಗಿನ ಬ್ರೇಕರ್ ಬಿಚ್ಚಿಕೊಂಡು ಅದರೊಳಗಿನ ಕಿಡಿ ಆರಲು ಮೂರರಿಂದ ಐದು ಆವರ್ತ, ಅಂದರೆ 60 ರಿಂದ 100 ಮಿಲಿಸೆಕೆಂಡ್ ಬೇಕು. ಎರಡೂ ರಿಲೇಗಳು ಹೊತ್ತನ್ನು ಅಳೆಯುವುದರಲ್ಲಿ ಮಾಡುವ ಚೂರುಪಾರು ತಪ್ಪಿಗೆ ಜಾಗ ಬೇಕು. ಮೇಲಿನ ರಿಲೇ ಓಟ ನಿಲ್ಲಿಸಲು ಹೊತ್ತು ಬೇಕು. ಇಷ್ಟರ ಮೇಲೆ ಕೊಂಚ ಕೈಯಾಸರೆ. ನಂಬಿಕೆಗೆ ಅಳತೆ ಇಟ್ಟಂತೆ ಇದೆ ಈ ಲೆಕ್ಕ. ಕೆಳಗಿನವನು ತನ್ನ ಕೆಲಸ ಮಾಡುತ್ತಾನೆ ಎಂದು ನಂಬಬೇಕು, ಆದರೆ ಇಂತಿಷ್ಟು ಹೊತ್ತು ಮಾತ್ರ.

ಮೇಲಿನ ರಿಲೇಯ ಓಟ ಎಂದೆನಲ್ಲ, ಅದನ್ನು ಹತ್ತಿರದಿಂದ ನೋಡಬೇಕು. ಈಗಿನ ರಿಲೇಗಳೆಲ್ಲ ನ್ಯೂಮರಿಕಲ್. ಒಳಗೆ ಚಿಪ್ ಎಣಿಸುತ್ತಿರುತ್ತದೆ, ಕಣ್ಣಿಗೇನೂ ಬೀಳದು. ಹಳೆಯ ಸಬ್‌ಸ್ಟೇಷನ್ನುಗಳ ಪ್ಯಾನೆಲ್ಲಿನಲ್ಲಿರುತ್ತಿದ್ದ ರಿಲೇಗಳಲ್ಲಿ ಗಾಜಿನ ಹಿಂದೆ ಒಂದು ಅಲ್ಯೂಮಿನಿಯಂ ತಟ್ಟೆ ಇತ್ತು. ಮನೆಯ ಹಳೇ ಮೀಟರಿನಲ್ಲಿ ತಿರುಗುತ್ತಿದ್ದ ತಟ್ಟೆಗೂ ಇದಕ್ಕೂ ದಾಯಾದಿ ಸಂಬಂಧ. ಮಾಮೂಲಿ ದಿನಗಳಲ್ಲಿ ಒಂದು ಸುರುಳಿ ಸ್ಪ್ರಿಂಗ್ ಅದನ್ನು ಅಲುಗದಂತೆ ಹಿಡಿದಿರುತ್ತದೆ. ಕರೆಂಟ್ ಸೆಟ್ಟಿಂಗನ್ನು ಮೀರಿತೋ, ತಟ್ಟೆ ತಿರುಗಲು ಶುರು. ಪಕ್ಕದಲ್ಲಿರುವ ಕಾಯಂ ಅಯಸ್ಕಾಂತ ಓಡಬೇಡ ಎಂದು ಅದನ್ನು ಹಿಂದಕ್ಕೆ ಜಗ್ಗುತ್ತಿರುತ್ತದೆ. ತಟ್ಟೆಯೊಂದಿಗೆ ಸಾಗುವ ಪುಟ್ಟ ಕಾಂಟ್ಯಾಕ್ಟ್ ಎದುರಿನದಕ್ಕೆ ತಾಗಿದರೆ ಟ್ರಿಪ್, ಅಂದರೆ ಬ್ರೇಕರ್ ಬಿಚ್ಚುತ್ತದೆ. ತಾಗುವ ಮೊದಲೇ ಕೆಳಗಿನ ಬ್ರೇಕರ್ ಕೆಲಸ ಮುಗಿಸಿತು ಅಂದರೆ ತಟ್ಟೆ ತನ್ನ ಓಟದ ರಭಸಕ್ಕೆ ಇನ್ನೂ ಕೂದಲೆಳೆಯಷ್ಟು ಮುಂದೆ ಹೋಗಿ, ನಿಂತು, ಸ್ಪ್ರಿಂಗ್ ಎಳೆದಂತೆ ಮೆಲ್ಲಗೆ ಮೊದಲಿನ ಜಾಗಕ್ಕೆ ಹಿಂತಿರುಗುತ್ತದೆ. ಹೊರಗಿನವರಿಗೆ ಈ ರಿಲೇ ಏನೂ ಮಾಡಲಿಲ್ಲ. ಒಳಗೆ ಮಾತ್ರ ಅದು ತಪ್ಪನ್ನು ತಪ್ಪೆಂದು ಗುರುತಿಸಿದೆ, ಮೊದಲ ಕ್ಷಣದಿಂದಲೇ ಎದ್ದು ಹೊರಟಿದೆ, ಹತ್ತಿರದವನು ಕೆಲಸ ಮುಗಿಸಿದ್ದು ಗೊತ್ತಾಗುತ್ತಲೇ ಕೈ ಹಿಂದಕ್ಕೆ ತೆಗೆದುಕೊಂಡಿದೆ. ತಾಳ್ಮೆಗೂ ಉದಾಸೀನಕ್ಕೂ ಇರುವ ಗಡಿಯನ್ನು ಇದಕ್ಕಿಂತ ಬಿಡಿಸಿ ತೋರಿಸುವುದು ಕಷ್ಟ. ಉದಾಸೀನದಲ್ಲಿ ತಟ್ಟೆ ಅಲುಗಿಯೇ ಇರುವುದಿಲ್ಲ.

ಇನ್ನು ಆ ಗ್ರಾಫ್ ಹಾಳೆ. ಅಡ್ಡಗೆರೆಯಲ್ಲಿ ಕರೆಂಟು, ಉದ್ದಗೆರೆಯಲ್ಲಿ ಸಮಯ. ಸರದಿಯಲ್ಲಿರುವ ಒಂದೊಂದು ರಿಲೇಗೂ ಒಂದೊಂದು ಬಾಗಿದ ಗೆರೆ, ಎಡದಿಂದ ಬಲಕ್ಕೆ ಇಳಿಯುತ್ತ ಹೋಗುವಂಥದ್ದು. ಇಳಿಯುತ್ತದೆ ಎಂಬುದೇ ಮುಖ್ಯ. ತಪ್ಪು ದೊಡ್ಡದಾದಷ್ಟೂ ಕಾಯುವ ಹೊತ್ತು ಕಡಿಮೆ. ಐಇಸಿ ಮಾನದಂಡದ ಸ್ಟ್ಯಾಂಡರ್ಡ್ ಇನ್ವರ್ಸ್ ಗೆರೆಯಲ್ಲಿ, ಟೈಮ್ ಸೆಟ್ಟಿಂಗ್ 1 ಇಟ್ಟರೆ, ಸೆಟ್ಟಿಂಗಿನ ಎರಡರಷ್ಟು ಕರೆಂಟಿಗೆ ಸುಮಾರು 10 ಸೆಕೆಂಡ್ ತಾಳ್ಮೆ. ಹತ್ತರಷ್ಟಾದರೆ ಸುಮಾರು 3 ಸೆಕೆಂಡ್ ಮಾತ್ರ. ಈ ಗೆರೆಗಳ ಜೊತೆಗೆ ಅದೇ ಹಾಳೆಯಲ್ಲಿ ಇನ್ನೊಂದು ಗೆರೆ ಎಳೆದಿರುತ್ತಾರೆ, ಅದು ಯಾವ ರಿಲೇಯದೂ ಅಲ್ಲ. ಟ್ರಾನ್ಸ್‌ಫಾರ್ಮರಿನದು. ಇಷ್ಟು ಕರೆಂಟನ್ನು ಇಷ್ಟು ಹೊತ್ತು ಹೊತ್ತುಕೊಂಡರೆ ಒಳಗಿನ ತಾಮ್ರದ ಸುರುಳಿ ಕಾದು ಅದರ ಮೈಗೆ ಸುತ್ತಿದ ಕಾಗದ ಕರಕಲಾಗುತ್ತದೆ ಎಂದು ಹೇಳುವ ಗೆರೆ. ಶಾರ್ಟ್ ಸರ್ಕ್ಯೂಟಿನ ಕಾವನ್ನು ಟ್ರಾನ್ಸ್‌ಫಾರ್ಮರ್ 2 ಸೆಕೆಂಡ್ ತಾಳಬೇಕು ಎಂಬುದು ಮಾನದಂಡ. ಅದರಾಚೆಗೆ ಯಾರೂ ಮಾತು ಕೊಟ್ಟಿಲ್ಲ. ಎಂಜಿನಿಯರಿನ ಕೆಲಸ ಏನೆಂದರೆ ರಿಲೇಯ ಗೆರೆ ಎಲ್ಲೂ ಈ ಗೆರೆಯನ್ನು ಮುಟ್ಟದಂತೆ, ಅದರ ಕೆಳಗೇ ಉಳಿಯುವಂತೆ ನೋಡಿಕೊಳ್ಳುವುದು. ಮೊದಲನೆಯದು ತಾಳ್ಮೆಯ ಗೆರೆ, ಎರಡನೆಯದು ತಾಳಿಕೆಯ ಗೆರೆ. ರಿಲೇ ತಾನು ಎಷ್ಟು ಹೊತ್ತು ಕಾಯಬಲ್ಲೆ ಎಂದು ತನ್ನನ್ನು ಕೇಳಿಕೊಳ್ಳುವಂತಿಲ್ಲ. ಅದು ಬೇಕಾದರೆ ಯುಗಗಟ್ಟಲೆ ಕಾದೀತು, ಅದಕ್ಕೇನೂ ಸುಡುವುದಿಲ್ಲ. ಸುಡುವುದು ಯಾರ ಮೈ ಎಂದು ನೋಡಿ ಅದರ ಕಾಲ ಗೊತ್ತಾಗಬೇಕು. ನನ್ನ ವಾದ ಇಷ್ಟೇ: ಅಧಿಕಾರ ಇರುವವನ ಕ್ಷಮೆ ಧರ್ಮವಾಗುವುದು ಅದರ ಗೆರೆ ಹೊರುವವನ ಗೆರೆಯ ಕೆಳಗೆ ಇರುವವರೆಗೆ ಮಾತ್ರ. ಅದನ್ನು ದಾಟಿದ ಮೇಲೆ ಅವನ ಮನಸ್ಸು ಎಷ್ಟೇ ತಿಳಿಯಾಗಿರಲಿ, ಸಿಟ್ಟು ಎಷ್ಟೇ ಗೆದ್ದಿರಲಿ, ಅದಕ್ಕೆ ಕ್ಷಮೆ ಎಂಬ ಹೆಸರು ಸಲ್ಲದು.

ಮಹಾಭಾರತದ ವನಪರ್ವದಲ್ಲಿ ದ್ರೌಪದಿ ಯುಧಿಷ್ಠಿರನೊಡನೆ ನಡೆಸುವ ವಾದ ಇದೇ ಗೆರೆಗಳ ಸುತ್ತ ಸುತ್ತುತ್ತದೆ. ಅವಳು ಗಂಡನಿಗೆ ಪ್ರಹ್ಲಾದ ಮತ್ತು ಅವನ ಮೊಮ್ಮಗ ಬಲಿಯ ಮಾತುಕತೆಯನ್ನು ನೆನಪಿಸುತ್ತಾಳೆ. ಕ್ಷಮೆ ಹೆಚ್ಚೋ ತೇಜಸ್ಸು ಹೆಚ್ಚೋ ಎಂದು ಬಲಿ ಕೇಳಿದರೆ, ಯಾವಾಗಲೂ ಕ್ಷಮಿಸುವುದೂ ಒಳ್ಳೆಯದಲ್ಲ, ಯಾವಾಗಲೂ ಉರಿಯುವುದೂ ಒಳ್ಳೆಯದಲ್ಲ, ಹೊತ್ತು ನೋಡಬೇಕು ಎಂದು ಅಜ್ಜ ಹೇಳುತ್ತಾನೆ. ಸದಾ ಕ್ಷಮಿಸುವವನನ್ನು ಆಳುಕಾಳುಗಳೂ ಲೆಕ್ಕಕ್ಕಿಡುವುದಿಲ್ಲ ಎಂದು ವಿವರಿಸಿ, ಒಂದು ಸ್ಪಷ್ಟ ನಿಯಮವನ್ನೂ ಕೊಡುತ್ತಾನೆ: ಯಾರದೇ ಆಗಲಿ ಮೊದಲ ತಪ್ಪನ್ನು ಮನ್ನಿಸು, ಎರಡನೆಯದು ಸಣ್ಣದಾದರೂ ಶಿಕ್ಷಿಸು. ಹೈಟೆನ್ಷನ್ ಲೈನುಗಳ ಆಟೋ ರಿಕ್ಲೋಸ್ ಪದ್ಧತಿಯನ್ನು ಬಲ್ಲವರು ಇಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಓವರ್‌ಹೆಡ್ ಲೈನಿನ ಫಾಲ್ಟುಗಳಲ್ಲಿ ಹೆಚ್ಚಿನವು ಬಂದು ಹೋಗುವಂಥವು: ಸಿಡಿಲು, ಹಕ್ಕಿಯ ರೆಕ್ಕೆ, ಗಾಳಿಗೆ ತೊನೆದ ಕೊಂಬೆ. ಆದ್ದರಿಂದ 400 ಕೆವಿ ಲೈನಿನಲ್ಲಿ ಬ್ರೇಕರ್ ಬಿಚ್ಚಿ, ಸುಮಾರು ಒಂದು ಸೆಕೆಂಡ್ ಬಿಟ್ಟು, ತಾನೇ ಮತ್ತೆ ಕೂಡಿಕೊಳ್ಳುತ್ತದೆ. ತಪ್ಪು ಇನ್ನೂ ಅಲ್ಲೇ ಇದ್ದರೆ ಎರಡನೇ ಸಲ ಬಿಚ್ಚಿ ಲಾಕ್‌ಔಟ್. ಮನುಷ್ಯರು ಬಂದು ನೋಡುವವರೆಗೆ ಮತ್ತೆ ಕೂಡುವುದಿಲ್ಲ. ಎಂಜಿನಿಯರುಗಳು ಒಂದು ಹೆಜ್ಜೆ ಮುಂದೆಯೂ ಹೋಗಿದ್ದಾರೆ: ಮೊದಲ ಸಲ ಮನ್ನಿಸಿದ ನಂತರ ಒಂದು ಅವಧಿ ತಪ್ಪಿಲ್ಲದೆ ಕಳೆದರೆ ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ, ಹಳೆಯದನ್ನು ಎತ್ತಿ ಆಡುವುದಿಲ್ಲ. ಪ್ರಹ್ಲಾದ ಆ ಮಾತು ಹೇಳಿಲ್ಲ.

ಕ್ಷಮೆಗೆ ಲೆಕ್ಕ ಇಟ್ಟ ಇನ್ನೊಂದು ಪ್ರಸಿದ್ಧ ಪ್ರಸಂಗ ಶಿಶುಪಾಲನದು. ಅವನ ತಾಯಿಗೆ ಕೃಷ್ಣ ಮೊದಲೇ ಮಾತು ಕೊಟ್ಟಿದ್ದ, ನೂರು ತಪ್ಪುಗಳವರೆಗೆ ಮನ್ನಿಸುತ್ತೇನೆಂದು. ರಾಜಸೂಯದ ಸಭೆಯಲ್ಲಿ ಲೆಕ್ಕ ತುಂಬಿತು, ಚಕ್ರ ಹೊರಟಿತು. ಮಿತಿಯನ್ನು ತಣ್ಣಗಿರುವಾಗ ಗೊತ್ತುಮಾಡಿ, ಎದುರಿನವರಿಗೆ ತಿಳಿಸಿ, ನುಡಿದಂತೆ ನಡೆದದ್ದು ಇದರ ಹೆಚ್ಚುಗಾರಿಕೆ. ಕೊರತೆಯೂ ಇದೆ. ಎಣಿಕೆ ತಪ್ಪಿನ ತೂಕವನ್ನು ನೋಡುವುದಿಲ್ಲ. ಬೈಗುಳಕ್ಕೂ ಒಂದು, ಊರು ಸುಟ್ಟರೂ ಒಂದು. ರಿಲೇಯವರ ಭಾಷೆಯಲ್ಲಿ ಇದು ಡೆಫಿನಿಟ್ ಟೈಮ್, ಕರೆಂಟ್ ಎಷ್ಟೇ ಇರಲಿ ಅಷ್ಟೇ ಹೊತ್ತು. ನಿಂದೆಗೆ ಗುರಿಯಾದವನು ಕೃಷ್ಣ ತಾನೇ ಆಗಿದ್ದಾಗ ಅದು ನಡೆಯುತ್ತದೆ, ಹೊರೆ ಅವನದೇ. ಅದೇ ಸಭಾಪರ್ವದಲ್ಲಿ ಮುಂದೆ ದ್ರೌಪದಿಯನ್ನು ಎಳೆತಂದಾಗ ನಡೆಯುವುದಿಲ್ಲ. ಅಲ್ಲಿ ಮೊದಲು ಬಾಯಿ ತೆರೆದವರಲ್ಲಿ ದುರ್ಯೋಧನನ ತಮ್ಮ ವಿಕರ್ಣ ಒಬ್ಬ. ಕರ್ಣ ಅವನ ಬಾಯಿ ಮುಚ್ಚಿಸಿದ. ವಿದುರ ಹೇಳಿದ, ಕೇಳಿದವರಿಲ್ಲ. ಕೆಳಗಿನ ಬ್ರೇಕರಿಗೆ ಟ್ರಿಪ್ ಕೊಟ್ಟರೂ ಅದು ಬಿಚ್ಚಲಿಲ್ಲ ಅನ್ನುವ ಸ್ಥಿತಿ ಇದು; ದೊಡ್ಡ ಸಬ್‌ಸ್ಟೇಷನ್ನುಗಳಲ್ಲಿ ಇಂಥದ್ದಕ್ಕೆಂದೇ ಸುಮಾರು 200 ಮಿಲಿಸೆಕೆಂಡಿನ ಗಡುವು ಇಟ್ಟ ಬೇರೆ ವ್ಯವಸ್ಥೆ ಇರುತ್ತದೆ, ಲೈನುಗಳೆಲ್ಲ ಬಂದು ಕೂಡುವ ಆ ಬಸ್‌ಬಾರಿಗೆ ಸೇರಿದ ಎಲ್ಲ ಬ್ರೇಕರುಗಳನ್ನೂ ಅದು ಬಿಚ್ಚಿಸುತ್ತದೆ. ಭೀಷ್ಮನ ಸರದಿ ಬಂದಿತ್ತು. ಧರ್ಮ ಸೂಕ್ಷ್ಮವಾದದ್ದು ಎಂದು ಅವನು ಹೇಳಿ ಕೂತ. ಕೊನೆಗೆ ಧೃತರಾಷ್ಟ್ರ ವರ ಕೊಟ್ಟು ಬಿಡಿಸಿದ, ಆದರೆ ಯಾವಾಗ? ಅವನ ಅಗ್ನಿಹೋತ್ರದ ಮನೆಯಲ್ಲಿ ನರಿ ಊಳಿಟ್ಟ ಮೇಲೆ. ತನ್ನ ಮನೆಗೆ ಕೇಡು ತಟ್ಟುವ ಸೂಚನೆ ಕಂಡ ಮೇಲೆ ಅವನ ತಾಳ್ಮೆ ಮುಗಿಯಿತು. ಅವನು ನೋಡಿದ್ದು ತನ್ನ ತಾಳಿಕೆಯ ಗೆರೆಯನ್ನು. ಸಭೆಯ ನಡುವೆ ನಿಂತಿದ್ದವಳದು ಎಂದೋ ದಾಟಿ ಹೋಗಿತ್ತು.

ಇಷ್ಟು ಹೇಳಿದ ಮೇಲೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಕ್ಷಮೆ ಎಂಬುದು ಒಳಗಿನ ಗುಣ, ಅದನ್ನು ಸೆಕೆಂಡುಗಳಲ್ಲಿ ಅಳೆಯುವುದೇ ತಪ್ಪು ಅನ್ನುತ್ತಾರೆ. ಜೈನರ ದಶಲಕ್ಷಣ ಧರ್ಮದಲ್ಲಿ ಉತ್ತಮ ಕ್ಷಮೆಗೆ ಮೊದಲ ಸ್ಥಾನ. ಬೌದ್ಧರಿಗೆ ಕ್ಷಾಂತಿ ಒಂದು ಪಾರಮಿತೆ. ಗೀತೆ ದೈವೀಸಂಪತ್ತಿನ ಪಟ್ಟಿಯಲ್ಲಿ ಕ್ಷಮೆಯನ್ನು ಸೇರಿಸುತ್ತದೆ. ಅಲ್ಲೆಲ್ಲ ಹೊತ್ತಿನ ಮಾತಿಲ್ಲ, ಕ್ರೋಧದ ಬೇರನ್ನು ಕೀಳುವ ಮಾತಿದೆ. ಒಪ್ಪುತ್ತೇನೆ, ಆದರೆ ಆ ಸಾಧಕ ಯಾರು ಎಂದು ನೋಡಬೇಕು. ಚಾವುಂಡರಾಯ ಹತ್ತನೇ ಶತಮಾನದಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ಕಡೆಸಿ ನಿಲ್ಲಿಸಿದ ಬಾಹುಬಲಿಯ ತೊಡೆ ತೋಳುಗಳನ್ನು ಬಳ್ಳಿ ಸುತ್ತಿ ಹತ್ತಿದೆ, ಕಾಲ ಬಳಿ ಹುತ್ತ ಎದ್ದಿದೆ, ಹಾವು ಹೊರಗೆ ಇಣುಕಿದೆ. ಬಿಸಿಲು ಮಳೆ ಬಿದ್ದದ್ದು ಯಾರ ಮೈಮೇಲೆ? ನಿಂತವನ ಮೈಮೇಲೆಯೇ. ಅಲ್ಲಿ ತಾಳ್ಮೆ ತಾಳಿಕೆ ಎರಡೂ ಒಂದೇ ಕಲ್ಲಿನಲ್ಲಿವೆ, ಎರಡು ಗೆರೆ ಎಳೆಯಬೇಕಾದ ಅಗತ್ಯವೇ ಇಲ್ಲ. ಅವನು ರಾಜ್ಯವನ್ನು ಬಿಟ್ಟ ಮೇಲೆ ಹಾಗೆ ನಿಂತ ಎಂಬುದನ್ನು ಮರೆಯಬಾರದು. ಸಿಂಹಾಸನದ ಮೇಲೆ ಕೂತು ಮೈಗೆ ಬಳ್ಳಿ ಹಬ್ಬಿಸಿಕೊಳ್ಳಲು ಬಾರದು, ಏಕೆಂದರೆ ಆ ಬಳ್ಳಿ ಹಬ್ಬುವುದು ಬೇರೆಯವರ ಕುತ್ತಿಗೆಗೆ. ತಪಸ್ವಿಯ ಕ್ಷಮೆಯ ಮಾತನ್ನು ಎತ್ತಿ ತಂದು ಅಧಿಕಾರಿಯ ಬಾಯಲ್ಲಿ ಇಟ್ಟದ್ದು ನಮ್ಮ ನೀತಿಬೋಧೆಯ ಒಂದು ಹಳೆಯ ಅಭ್ಯಾಸ, ನನ್ನ ಮಟ್ಟಿಗೆ ಬಹಳ ದುಬಾರಿಯಾದ ಅಭ್ಯಾಸ.

ಎರಡನೆಯ ಆಕ್ಷೇಪ: ರಿಲೇಗೆ ಮನಸ್ಸಿಲ್ಲ, ಸಿಟ್ಟಿಲ್ಲ, ಆಯ್ಕೆಯಿಲ್ಲ, ತಟ್ಟೆ ತಿರುಗುವುದಕ್ಕೆ ಕ್ಷಮೆಯ ಹೆಸರಿಡುವುದು ಬರೀ ಮಾತಿನ ಚಮತ್ಕಾರ. ಆಯ್ಕೆ ಎಲ್ಲಿದೆ ಎಂದು ನೋಡಿದರೆ ಈ ಆಕ್ಷೇಪ ಸಡಿಲಾಗುತ್ತದೆ. ಆಯ್ಕೆ ತಟ್ಟೆಯಲ್ಲಿಲ್ಲ, ಸೆಟ್ಟಿಂಗಿನಲ್ಲಿದೆ. ಯಾವ ಗರಿಯೂ ಬೀಳದಿದ್ದ ಒಂದು ದಿನ ಒಬ್ಬ ಮನುಷ್ಯ ಕೂತು ಯಾರು ಮೊದಲು, ಯಾರು ಆಮೇಲೆ, ಎಷ್ಟು ಹೊತ್ತು, ಯಾರ ಮೈ ಎಷ್ಟು ತಾಳೀತು ಎಂದು ಯೋಚಿಸಿ ಆ ಸಂಖ್ಯೆಗಳನ್ನು ಬರೆದಿದ್ದಾನೆ. ಮುಂದೆ ಒಂದು ರಾತ್ರಿ ಕಿಡಿ ಹಾರುವಾಗ ನಡೆಯುವುದು ಆ ದಿನದ ನಿರ್ಧಾರ. ವ್ರತ ಎಂಬುದರ ರಚನೆಯೂ ಇದೇ ಅಲ್ಲವೇ? ಹಸಿವಾಗದಿದ್ದಾಗ ಮಾಡಿದ ನಿಶ್ಚಯ ಹಸಿವಾದಾಗ ನಡೆಸುತ್ತದೆ. ತಪ್ಪು ಎದುರಿಗೇ ನಡೆಯುತ್ತಿರುವಾಗ ಮನಸ್ಸು ಎರಡು ಕಡೆಗೂ ಸುಳ್ಳು ಹೇಳುತ್ತದೆ. ಸಿಟ್ಟಿನವನಿಗೆ ಈಗಲೇ ಹೊಡೆ ಅನ್ನುತ್ತದೆ, ಅಂಜುಬುರುಕನಿಗೆ ಇನ್ನೊಂದು ಸಲ ನೋಡೋಣ ಅನ್ನುತ್ತದೆ. ಮಿತಿಯನ್ನು ಮೊದಲೇ ಬರೆದಿಡುವುದು ಇವೆರಡರಿಂದಲೂ ತಪ್ಪಿಸಿಕೊಳ್ಳುವ ಉಪಾಯ. ನಮ್ಮ ಹಳ್ಳಿಗಳಲ್ಲಿ ಟಿಸಿಯ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿನ, ಫ್ಯೂಸ್ ಪದೇ ಪದೇ ಹೋಗುತ್ತದೆ ಎಂದು ತೆಳು ತಂತಿ ತೆಗೆದು ದಪ್ಪ ತಂತಿ ಸುತ್ತುವ ರೂಢಿ ಇದೆಯಲ್ಲ, ಅದು ಬರೆದಿಟ್ಟ ಮಿತಿಯನ್ನು ಆ ಹೊತ್ತಿನ ಅನುಕೂಲಕ್ಕೆ ಅಳಿಸುವ ಕೆಲಸ. ಫ್ಯೂಸ್ ಈಗ ಬಹಳ ತಾಳ್ಮೆಯದು, ಏನೇ ಆದರೂ ತಾನು ಸುಡುವುದೇ ಇಲ್ಲ. ಬದಲಿಗೆ ಟಿಸಿ ಸುಡುತ್ತದೆ, ಪಂಪ್‌ಸೆಟ್ಟುಗಳೆಲ್ಲ ನಿಲ್ಲುತ್ತವೆ, ಹೊಸ ಟಿಸಿ ಬರುವವರೆಗೆ ಪೈರು ಒಣಗುತ್ತದೆ.

ಮೂರನೆಯ ಆಕ್ಷೇಪಕ್ಕೆ ಚರಿತ್ರೆಯೇ ಸಾಕ್ಷಿ, ಅದನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಮೊದಲೇ ಬರೆದಿಟ್ಟ ಮಿತಿಗಳೇ ದೇಶಗಳನ್ನು ಕತ್ತಲಿಗೆ ನೂಕಿವೆ. 1965ರ ನವೆಂಬರ್ 9ರ ಸಂಜೆ ಕೆನಡಾದ ಒಂಟಾರಿಯೋದಲ್ಲಿ, ನಯಾಗರಾ ಬಳಿಯ ಸರ್ ಆಡಂ ಬೆಕ್ ಜಲವಿದ್ಯುತ್ ಕೇಂದ್ರದಿಂದ ಹೊರಟ ಐದು ಲೈನುಗಳಲ್ಲಿ ಒಂದನ್ನು ಬ್ಯಾಕಪ್ ರಿಲೇಯೊಂದು ಬಿಚ್ಚಿತು. ತಪ್ಪೇನೂ ನಡೆದಿರಲಿಲ್ಲ. ಆ ರಿಲೇಯ ಸೆಟ್ಟಿಂಗ್ 1963ರದು. ಎರಡು ವರ್ಷದಲ್ಲಿ ಲೈನಿನ ಹೊರೆ ಬೆಳೆದಿತ್ತು, ಸೆಟ್ಟಿಂಗ್ ಮಾತ್ರ ಇದ್ದಲ್ಲೇ ಇತ್ತು. ಉಳಿದ ನಾಲ್ಕು ಲೈನುಗಳ ಮೇಲೆ ಹೊರೆ ಬಿದ್ದು ಅವೂ ಮೂರು ಸೆಕೆಂಡಿನೊಳಗೆ ಒಂದರ ಹಿಂದೊಂದು ಬಿಚ್ಚಿಕೊಂಡವು. ನ್ಯೂಯಾರ್ಕ್ ಸೇರಿದಂತೆ ಸುಮಾರು ಮೂರು ಕೋಟಿ ಜನ ಕತ್ತಲಲ್ಲಿ ಕೂತರು. ನಮ್ಮಲ್ಲಿ 2012ರ ಜುಲೈ 30ರಂದು ಬೆಳಗಿನ ಜಾವ ಎರಡೂವರೆಗೆ, ಮತ್ತೆ ಮರುದಿನ ಮಧ್ಯಾಹ್ನ ಒಂದರ ಹೊತ್ತಿಗೆ, ಮಧ್ಯಪ್ರದೇಶದ ಬೀನಾ ಮತ್ತು ಗ್ವಾಲಿಯರ್ ನಡುವಿನ 400 ಕೆವಿ ಲೈನು ಬಿಚ್ಚಿಕೊಂಡಿತು. ಎರಡನೇ ದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಗ್ರಿಡ್ಡುಗಳು ಬಿದ್ದು ಅರವತ್ತು ಕೋಟಿಗೂ ಹೆಚ್ಚು ಜನರ ಪ್ರದೇಶ ಕತ್ತಲಾಯಿತು. ದಕ್ಷಿಣದ ಗ್ರಿಡ್ ಆಗ ಉಳಿದವುಗಳೊಡನೆ ಲಯ ಕೂಡಿಸಿರಲಿಲ್ಲ, ರಾಯಚೂರು–ಸೋಲಾಪುರ ಲೈನಿನ ಮೂಲಕ ಅದು ಕೂಡಿದ್ದು 2013ರ ಡಿಸೆಂಬರ್ 31ಕ್ಕೆ. ಹಾಗಾಗಿ ಕರ್ನಾಟಕ ಆ ದಿನ ಬಚಾವಾಯಿತು. ಬೀನಾ–ಗ್ವಾಲಿಯರ್ ಲೈನಿನಲ್ಲೂ ಫಾಲ್ಟ್ ಇರಲಿಲ್ಲ. ಜೊತೆಯ ಲೈನು ಕೆಲಸಕ್ಕೆಂದು ನಿಂತಿತ್ತು, ಎಲ್ಲರ ಪಾಲಿನ ಹೊರೆ ಅದೊಂದರ ಮೇಲಿತ್ತು.

ರಿಲೇ ಮೋಸಹೋದ ಬಗೆಯನ್ನು ಬಿಡಿಸಿ ನೋಡುವಂತಿದೆ. ಉದ್ದ ಲೈನುಗಳಿಗೆ ಇಡುವ ಡಿಸ್ಟೆನ್ಸ್ ರಿಲೇ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ, ಬಂದ ಉತ್ತರ ಚಿಕ್ಕದಾದರೆ ಫಾಲ್ಟ್ ಇದೆ ಎಂದು ತಿಳಿಯುತ್ತದೆ. ಅದಕ್ಕೆ ಮೂರು ವಲಯ. ಮೊದಲನೆಯದು ತನ್ನ ಲೈನಿನ ನೂರಕ್ಕೆ ಸುಮಾರು 80 ಭಾಗದವರೆಗೆ, ಅಲ್ಲಿ ಕಾಯುವ ಮಾತೇ ಇಲ್ಲ. ಎರಡನೆಯದು ತುಸು ಆಚೆಗೆ, ತುಸು ತಡವಾಗಿ. ಮೂರನೆಯದು ನೆರೆಯ ಲೈನನ್ನೂ ದಾಟಿ ನೋಡುತ್ತದೆ, ಸುಮಾರು ಒಂದು ಸೆಕೆಂಡ್ ಕಾಯುತ್ತದೆ. ಹೊರೆ ವಿಪರೀತವಾದಾಗ ಕರೆಂಟ್ ಏರಿ ವೋಲ್ಟೇಜ್ ಕುಸಿಯುತ್ತದೆ. ಭಾಗಿಸಿದರೆ ಬರುವ ಉತ್ತರ ಮೂರನೇ ವಲಯದೊಳಕ್ಕೆ ಜಾರುತ್ತದೆ. ಎಲ್ಲರ ಹೊರೆ ಹೊತ್ತು ಏದುಸಿರು ಬಿಡುತ್ತಿರುವವನು ದೂರದಿಂದ ತಪ್ಪಿತಸ್ಥನ ಹಾಗೆ ಕಾಣುತ್ತಾನೆ. ಇದು ನನ್ನ ವಾದವನ್ನು ಕೆಡಿಸುವುದಕ್ಕಿಂತ ಅದಕ್ಕೆ ಇನ್ನೊಂದು ಷರತ್ತು ಸೇರಿಸುತ್ತದೆ. ದೂರದಿಂದ ನೋಡುವವನಿಗೆ ಹೊರೆಗೂ ಅಪರಾಧಕ್ಕೂ ವ್ಯತ್ಯಾಸ ತಿಳಿಯದು, ಆದ್ದರಿಂದ ಅವನಿಗೆ ಹೆಚ್ಚು ತಾಳ್ಮೆ ಬೇಕು. ಮತ್ತು ಹೊರೆ ಬದಲಾದಾಗಲೆಲ್ಲ ಬರೆದಿಟ್ಟ ಮಿತಿಯನ್ನು ಮತ್ತೆ ತೆಗೆದು ನೋಡಬೇಕು. ಯಾವ ಹೊರೆಗೆಂದು ಆ ಸಂಖ್ಯೆ ಬರೆದದ್ದು ಎಂಬುದು ಮರೆತುಹೋದರೆ ನಿಯಮ ಉಳಿದು ನ್ಯಾಯ ಹೋಗಿರುತ್ತದೆ. ನಮ್ಮ ಸ್ಮೃತಿಕಾರರು ದೇಶ ಕಾಲ ಪಾತ್ರ ನೋಡಬೇಕೆಂದರು, ಆಮೇಲಿನವರು ನೋಡುವುದನ್ನು ಬಿಟ್ಟರು. ಎಷ್ಟೋ ಮನೆಗಳಲ್ಲಿ ಹೊರೆ ಹೊತ್ತ ಸೊಸೆಯಂದಿರನ್ನು 1963ರ ಸೆಟ್ಟಿಂಗಿನಲ್ಲೇ ಅಳೆದು ತಪ್ಪಿತಸ್ಥರೆಂದದ್ದುಂಟು.

ಸರದಿಯ ಪದ್ಧತಿಗೆ ಒಂದು ಹುಟ್ಟುದೋಷವಿದೆ, ಅದನ್ನು ಈ ವಿದ್ಯೆಯವರು ಮುಚ್ಚಿಟ್ಟಿಲ್ಲ. ಕೆಳಗಿನಿಂದ ಮೇಲಕ್ಕೆ ಒಂದೊಂದು ಮೆಟ್ಟಿಲಿಗೂ 0.3 ಸೆಕೆಂಡ್ ಸೇರುತ್ತ ಹೋದರೆ, ಮೂಲದ ಹತ್ತಿರದ ರಿಲೇ ಎಲ್ಲರಿಗಿಂತ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ. ಆದರೆ ಕರೆಂಟಿನ ಬಲ ಅತಿ ಹೆಚ್ಚಿರುವುದು ಮೂಲದ ಹತ್ತಿರವೇ. ಅಲ್ಲಿ ಆದ ತಪ್ಪು ಎಲ್ಲಕ್ಕಿಂತ ದೊಡ್ಡದು, ಅದನ್ನು ತಡೆಯುವುದು ಎಲ್ಲಕ್ಕಿಂತ ತಡ. ಹಸ್ತಿನಾವತಿಯ ಸಭೆಯಲ್ಲಿ ಆದದ್ದು ಇದೇ. ಊರ ಗೌಡನ ತಪ್ಪನ್ನು ಅರಸ ಕೇಳುತ್ತಿದ್ದ, ಅರಸನ ಅಂಗಳದಲ್ಲೇ ತಪ್ಪಾದರೆ ಕೇಳಲು ಮೇಲೆ ಯಾರೂ ಇರಲಿಲ್ಲ. ಇದಕ್ಕೆ ಪರಿಹಾರ ಕಂಡವರು ಇಂಗ್ಲೆಂಡಿನ ಚಾರ್ಲ್ಸ್ ಮರ್ಜ್ ಮತ್ತು ಬರ್ನಾರ್ಡ್ ಪ್ರೈಸ್, 1904ರಲ್ಲಿ. ಅವರ ಡಿಫರೆನ್ಷಿಯಲ್ ಪದ್ಧತಿ ಯಾರ ಸರದಿಯನ್ನೂ ಕಾಯುವುದಿಲ್ಲ. ಒಳಗೆ ಬಂದ ಕರೆಂಟೆಷ್ಟು, ಹೊರಗೆ ಹೋದದ್ದೆಷ್ಟು ಎಂದು ಎರಡೂ ತುದಿಯಲ್ಲಿ ಅಳೆದು ಹೋಲಿಸುತ್ತದೆ. ಸರಿಹೊಂದದಿದ್ದರೆ ತಪ್ಪು ತನ್ನೊಳಗೇ ಇದೆ, ತಕ್ಷಣ ಬಿಚ್ಚು. ಬೆಲೆಬಾಳುವ ಟ್ರಾನ್ಸ್‌ಫಾರ್ಮರುಗಳಿಗೆ, ಜನರೇಟರುಗಳಿಗೆ, ಬಸ್‌ಬಾರುಗಳಿಗೆ ಇದೇ ಕಾವಲು. ಬೇರೆಯವರ ತಪ್ಪಿಗೆ ತಾಳ್ಮೆ, ತನ್ನೊಳಗಿನ ತಪ್ಪಿಗೆ ಒಂದು ಕ್ಷಣವೂ ಇಲ್ಲ. ಮೇಲೆ ಏರಿದವರಿಗೆ ಈ ಎರಡನೆಯ ರಿಲೇ ಇಲ್ಲದೆ ಮೊದಲನೆಯದನ್ನು ಮಾತ್ರ ಕೊಟ್ಟರೆ, ಅವರ ಕ್ಷಮಾಗುಣ ಬಹುಬೇಗ ತಮ್ಮವರ ಕಡೆಗೆ ತಿರುಗುತ್ತದೆ.

ಕೊನೆಗೆ ಉಳಿಯುವುದು ದೇವರ ಮಾತು. ಅನ್ಯಾಯ ನಡೆಯುವಾಗ ಅವನು ಯಾಕೆ ತಡಮಾಡುತ್ತಾನೆ ಎಂಬ ಹಳೆಯ ಪ್ರಶ್ನೆಗೆ ಈ ಹಾಳೆಯಿಂದ ಉತ್ತರ ತೆಗೆಯುವ ಆಸೆ ಯಾರಿಗಾದರೂ ಆಗುತ್ತದೆ: ಅವನು ಕಟ್ಟಕಡೆಯ ಬ್ಯಾಕಪ್, ಹತ್ತಿರದ ಮನುಷ್ಯರು ಮೊದಲು ತಮ್ಮ ಕೆಲಸ ಮಾಡಲಿ ಎಂದು ಕಾಯುತ್ತಿದ್ದಾನೆ. ಗಜೇಂದ್ರನ ಕಥೆ ಹಾಗೆ ಓದಿಸಿಕೊಳ್ಳುತ್ತದೆ. ಆನೆ ತನ್ನ ಬಲ, ತನ್ನ ಹಿಂಡಿನ ಬಲ ಎಲ್ಲ ಮುಗಿದ ಮೇಲೆ ಕೂಗಿತು, ಆಗ ಬಂದ. ಈ ಓದು ಅರ್ಧ ನಿಜ ಅನ್ನಿಸುತ್ತದೆ. ಬಲ ಎಂದರೆ ತಕ್ಷಣ ಕೈಹಾಕುವುದು ಎಂಬ ನಮ್ಮ ಅವಸರದ ಕಲ್ಪನೆಯನ್ನು ಅದು ತಿದ್ದುತ್ತದೆ. ಎಲ್ಲ ತಪ್ಪನ್ನೂ ಮೇಲಿನವನೇ ಆ ಕ್ಷಣವೇ ತಡೆದರೆ ಕೆಳಗಿನವರು ಇರುವುದೇ ಯಾತಕ್ಕೆ? ಇನ್ನರ್ಧದಲ್ಲಿ ಹೋಲಿಕೆ ಮುರಿದು ಬೀಳುತ್ತದೆ. ಬ್ಯಾಕಪ್ ರಿಲೇಯ ಗಡುವು ಬರೆದಿದೆ, ಹೊರುವವರ ತಾಳಿಕೆಯ ಗೆರೆಯ ಕೆಳಗೆ ಬರೆದಿದೆ. ಬರಗಾಲದಲ್ಲಿ ಸತ್ತ ಮಗುವಿನ ಮಟ್ಟಿಗೆ ಆ ಗೆರೆ ದಾಟಿಹೋಗಿದೆ, ಬ್ರೇಕರ್ ಬಿಚ್ಚಲಿಲ್ಲ. ಮುಂದಿನ ಜನ್ಮದಲ್ಲಿ ಲೆಕ್ಕ ಸರಿಹೋಗುತ್ತದೆ ಅನ್ನುವವರು ಬೇರೊಂದು ಟ್ರಾನ್ಸ್‌ಫಾರ್ಮರಿನ ಮಾತಾಡುತ್ತಿದ್ದಾರೆ. ಹಾಗಾಗಿ ನಾನು ಈ ಹಾಳೆಯನ್ನು ದೇವರ ಪರ ವಕಾಲತ್ತಿಗೆ ಬಳಸಲಾರೆ.

ದ್ರೌಪದಿಯೂ ಬಳಸಲಿಲ್ಲ. ವನಪರ್ವದ ಅದೇ ವಾದದಲ್ಲಿ ಅವಳು ಗಂಡನ ಕ್ಷಮೆಯಿಂದ ಮುಂದೆ ಸಾಗಿ, ಸೂತ್ರದ ಗೊಂಬೆಗಳ ಹಾಗೆ ಜೀವಿಗಳನ್ನು ಆಡಿಸುವ ವಿಧಾತನನ್ನೇ ದೂರುತ್ತಾಳೆ. ಭೀಮನದು ಅಲ್ಲಿ ಬೇರೆ ದಾರಿ. ತಿಂಗಳನ್ನು ವರ್ಷಕ್ಕೆ ಬದಲಿಯಾಗಿ ಹಿಡಿಯಬಹುದು ಎಂದು ಬಲ್ಲವರು ಹೇಳುತ್ತಾರೆ, ಕಾಡಿನಲ್ಲಿ ಹದಿಮೂರು ತಿಂಗಳು ಕಳೆದದ್ದನ್ನೇ ಜೂಜಿನಲ್ಲಿ ಒಪ್ಪಿದ ಹದಿಮೂರು ವರ್ಷ ಎಂದುಕೊಂಡು ಹೊರಡೋಣ ಎಂದು ಅವನು ಸೆಟ್ಟಿಂಗನ್ನೇ ಇಳಿಸಲು ನೋಡುತ್ತಾನೆ. ಯುಧಿಷ್ಠಿರ ಎರಡನ್ನೂ ಒಪ್ಪುವುದಿಲ್ಲ. ಹೆಂಡತಿಗೆ, ನಿನ್ನ ಮಾತು ಸೊಗಸಾಗಿದೆ, ಆದರೆ ಅದು ನಾಸ್ತಿಕರ ಮಾತು ಅನ್ನುತ್ತಾನೆ. ಅವಳು ವಾದವನ್ನು ಮುಂದುವರಿಸುವ ಮೊದಲು ಧರ್ಮವನ್ನು ತಾನು ಹೀಗಳೆಯುತ್ತಿಲ್ಲ, ದೇವರನ್ನೂ ಅಲ್ಲ, ನೊಂದವಳು ಹೀಗೆ ಆಡುತ್ತಿದ್ದಾಳೆ ಎಂದು ತಿಳಿ ಅನ್ನುತ್ತಾಳೆ. ಇಷ್ಟಕ್ಕೇ ನಿಲ್ಲಿಸದೆ, ಇನ್ನೂ ಆಡುವುದಿದೆ ಎಂದೂ ಸೇರಿಸುತ್ತಾಳೆ.